ಕಿಟಕಿಯ ತೆರೆ ಯಾರಿಗಾಗಿ?

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮ್ಮಂಥವರ ಬಾಳಿನಲ್ಲಿ ಪರದೆಯ ಪ್ರಶ್ನೆ ಬಹಳ ತಡವಾಗಿ ಬರುತ್ತದೆ. ಮೊದಲು ತಲೆಯ ಮೇಲೊಂದು ಸೂರು, ಅನಂತರ ನಲ್ಲಿಯ ನೀರು, ಆಮೇಲೆ ಮಕ್ಕಳ ಶಾಲೆ. ಪರೇಲಿನ ಚಾಳಿನಲ್ಲಿ ಹತ್ತಡಿಗೆ ಹನ್ನೆರಡಡಿಯ ಖೋಲಿಯಲ್ಲಿ ಏಳು ಮಂದಿ ಬಾಳಿದ ಕಾಲಕ್ಕೆ ನಮಗಿದ್ದ ಪರದೆ ಒಂದೇ: ಅಮ್ಮನ ಹಳೆಯ ಸೀರೆಯನ್ನು ಹರಿದು ಬಾಗಿಲಿಗೆ ಕಟ್ಟಿದ ತುಂಡು. ಗಾಳಿ ಬಂದಾಗ ಅದು ಹಾರುತ್ತಿತ್ತು. ನಮ್ಮ ಒಲೆಯ ಮೇಲೆ ಇಂದು ಏನು ಬೇಯುತ್ತಿದೆ ಎಂಬುದು ಗ್ಯಾಲರಿಯಲ್ಲಿ ಹೋಗುವವರಿಗೆಲ್ಲ ತಿಳಿಯುತ್ತಿತ್ತು.

ಅರ್ಧಕ್ಕಿಂತ ಹೆಚ್ಚು ಆಯುಷ್ಯ ಕಳೆದ ಮೇಲೆ ಮುಲುಂಡಿನಲ್ಲಿ ಮೂರನೆಯ ಮಾಳಿಗೆಯ ಮನೆಯೊಂದು ನಮ್ಮದಾಯಿತು. ಅದರ ಹಾಲಿನಲ್ಲಿ 'ಬೇ ವಿಂಡೋ' ಎಂಬ ಕಿಟಕಿಯಿದೆ. ಗೋಡೆಯ ಸಾಲು ಬಿಟ್ಟು ಹೊರಗೆ ಚಾಚಿ, ನಡುವೆ ಒಂದು, ಎರಡು ಮಗ್ಗುಲಿಗೆ ಓರೆಯಾಗಿ ಒಂದೊಂದು, ಹೀಗೆ ಮೂರು ಮುಖದ ಕಿಟಕಿ. ಒಳಗೆ ಮಂಡಿಯೆತ್ತರದ ಕಟ್ಟೆ. ಗೃಹಪ್ರವೇಶದ ಮರುದಿನವೇ ಅಮ್ಮ ಆ ಕಟ್ಟೆಯನ್ನು ಹಿಡಿದರು. ಎಂಬತ್ತೆರಡರ ವಯಸ್ಸು, ಮೊಣಕಾಲಿನ ನೋವು, ಕೆಳಗಿಳಿಯುವುದೇ ಅಪರೂಪ. "ಉಡುಪಿಯಲ್ಲಿ ಕನಕನಿಗೊಂದು ಕಿಂಡಿ, ಮುಂಬಯಿಯಲ್ಲಿ ನನಗೊಂದು ಕಿಂಡಿ ಮಾರಾಯ" ಎಂದು ನಕ್ಕರು. ಎದುರಿನ ಹಳೆಯ ಕಟ್ಟಡದ ಗ್ಯಾಲರಿಯಲ್ಲಿ ಅವರದೇ ವಯಸ್ಸಿನ ಒಬ್ಬ ಮರಾಠಿ ಆಜಿ. ಅಮ್ಮನಿಗೆ ಮರಾಠಿ ಅಷ್ಟಕ್ಕಷ್ಟೆ, ಆಜಿಗೆ ಕನ್ನಡ ಸೊನ್ನೆ. ಬೆಳಗ್ಗೆ ಚಹದ ಲೋಟ ಎತ್ತಿ ತೋರಿಸುವುದೇ ಅವರಿಬ್ಬರ ಸಂಭಾಷಣೆ.

ಅದೇ ಹಾಲಿನಲ್ಲಿ ಮಗಳ ಓದಿನ ಮೇಜು. ಸಂಜೆ ದೀಪ ಹಾಕಿದೊಡನೆ ನಮ್ಮ ಹಾಲು ಹೊರಗಿನವರಿಗೆ ನಾಟಕದ ರಂಗದಂತೆ ಕಾಣುತ್ತದೆ. ಪಕ್ಕದ ಕಟ್ಟಡದ ತಾರಸಿಯಲ್ಲಿ ಸೇರುವ ಕೆಲವು ಹುಡುಗರ ಕಣ್ಣು ಇತ್ತಲೇ ಇರುತ್ತಿತ್ತು. ಹುಡುಗಿ ಬಾಯಿಬಿಟ್ಟು ಹೇಳಲಿಲ್ಲ. ಮೊದಲು ಮೇಜನ್ನು ಗೋಡೆಯ ಕಡೆಗೆ ತಿರುಗಿಸಿದಳು. ಕೊನೆಗೆ ಅಡುಗೆಮನೆಯ ನೆಲದ ಮೇಲೆ ಕುಳಿತು ಓದತೊಡಗಿದಳು. ಆಗಲೇ ನಮಗೆ ವಿಷಯ ಹೊಳೆದದ್ದು. ಪರದೆ ಬೇಕೇ ಬೇಕಾಯಿತು.

ಪರದೆಯ ಅಂಗಡಿಯವನು ಟೇಪು ಹಿಡಿದು ಬಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟ. ಇಂಥ ಕಿಟಕಿಯ ಮೂರು ಮುಖಗಳನ್ನೂ ಬೇರೆ ಬೇರೆ ಅಳೆಯಬೇಕು. ನೇರ ಸರಳು ನಡೆಯದು. ಮೂಲೆಗೆ ತಕ್ಕಂತೆ ಬಗ್ಗಿಸಿದ ಸರಳು ಬೇಕು. ನೆರಿಗೆ ಚೆನ್ನಾಗಿ ಬೀಳಬೇಕಾದರೆ ಕಿಟಕಿಯ ಅಗಲದ ಎರಡರಿಂದ ಎರಡೂವರೆ ಪಟ್ಟು ಬಟ್ಟೆ ಬೇಕು. ತೆಳು ಬಟ್ಟೆ ಹಗಲಿನಲ್ಲಿ ಮರೆಯಾಗುತ್ತದೆ, ಏಕೆಂದರೆ ಹೊರಗೆ ಬೆಳಕು ಹೆಚ್ಚು. ರಾತ್ರಿ ಒಳಗೆ ದೀಪ ಹಾಕಿದರೆ ಅದೇ ಬಟ್ಟೆ ಇದ್ದೂ ಇಲ್ಲದಂತೆ. ಬಟ್ಟೆ ಬೇಡವಾದರೆ ಪಟ್ಟಿಪಟ್ಟಿಯ 'ಬ್ಲೈಂಡ್ಸ್' ಇದೆ. ಆದರೆ ಮೂರು ಮುಖಕ್ಕೆ ಮೂರು ಬೇಕು, ಮೂಲೆಯಲ್ಲಿ ಒಂದಕ್ಕೊಂದು ತಗಲದಂತೆ ಸಂದು ಬಿಡಬೇಕು. "ಬ್ಲೈಂಡ್ ಎಂದರೆ ಕುರುಡಲ್ಲವೇ? ಕಿಟಕಿಗೇ ಕುರುಡು ಹಾಕುತ್ತಾನೋ?" ಎಂದರು ಅಮ್ಮ. ಇನ್ನೊಂದು ದಾರಿಯೂ ಇತ್ತು, ಖರ್ಚು ಕಡಿಮೆ. ಕಿಟಕಿಯ ಮೂರು ಮುಖ ಬಿಟ್ಟು, ಕಟ್ಟೆಯಿಂದ ಈಚೆಗೆ, ಗೋಡೆಯ ಸಾಲಿನಲ್ಲಿ ಒಂದೇ ನೇರ ಪರದೆ. ಹಾಗೆ ಮಾಡಿದರೆ ಕಟ್ಟೆ ಪರದೆಯ ಆಚೆಗೆ ಉಳಿದುಹೋಗುತ್ತದೆ. ನಮಗದು ಸರಿಕಾಣಲಿಲ್ಲ. ಬೆಳಕು ತೂರದ ದಪ್ಪ ಬಟ್ಟೆಯನ್ನು ಮೂರು ಮುಖಗಳಿಗೂ ಹಾಕಿಸಿದೆವು.

ಮಗಳು ಮೇಜಿಗೆ ಮರಳಿದಳು. ಎಳೆದ ಪರದೆಯನ್ನು ಬೆಳಗ್ಗೆ ಸರಿಸಲು ಯಾರಿಗೂ ಪುರಸೊತ್ತಿಲ್ಲ. ಭಾರದ ಬಟ್ಟೆ, ಅಮ್ಮನ ಕೈಗೆ ಬಗ್ಗದು. ಅಮ್ಮ ದೂರಲಿಲ್ಲ; ಕಟ್ಟೆ ಬಿಟ್ಟು ಮಂಚಕ್ಕೆ ಹೋದರು. ಮೂರು ವಾರ ಕಳೆದಿರಬೇಕು. ತರಕಾರಿಯವನ ಗಾಡಿಯ ಬಳಿ ಎದುರುಮನೆಯ ಸೊಸೆ ನಮ್ಮ ಮನೆಯಾಕೆಯನ್ನು ಮೆಲ್ಲಗೆ ಕೇಳಿದಳಂತೆ: "ನಿಮ್ಮ ಅತ್ತೆ ಹೋಗಿಬಿಟ್ಟರೇ? ನಮ್ಮ ಆಜಿ ದಿನಾ ಲೋಟ ಹಿಡಿದು ಕಾಯುತ್ತಾಳೆ."

ಆ ರಾತ್ರಿ ನಮಗೆ ಊಟ ಸೇರಲಿಲ್ಲ. ಇತಿಹಾಸದಲ್ಲಿ ಓದಿದ್ದು ನೆನಪಾಯಿತು. ಮೊಗಲ್ ಬಾದಶಹರು ದಿನವೂ ಬೆಳಗ್ಗೆ ಝರೋಕಾ ಎಂಬ, ಗೋಡೆಯಿಂದ ಹೊರಚಾಚಿದ ಕಿಟಕಿಯಲ್ಲಿ ಪ್ರಜೆಗಳಿಗೆ ಮುಖ ತೋರಿಸುವ ಪದ್ಧತಿಯಿತ್ತು. ೧೬೫೭ರಲ್ಲಿ ಷಹಜಹಾನ್ ಕಾಯಿಲೆ ಬಿದ್ದು ಕಿಟಕಿಗೆ ಬಾರದೆ ಹೋದಾಗ, ಸತ್ತೇಹೋದನೆಂಬ ಸುದ್ದಿ ಹಬ್ಬಿತು. ಮಕ್ಕಳು ಸಿಂಹಾಸನಕ್ಕಾಗಿ ಕಾದಾಡಿದರು. ಬಾದಶಹನ ಗತಿಯೇ ಹಾಗಿದ್ದರೆ, ಮುಲುಂಡಿನ ಕಿಟಕಿಯೊಂದರ ಮುದುಕಿಯ ಪಾಡೇನು? ಉಸಿರಾಡುತ್ತಿದ್ದ ತಾಯಿಯನ್ನು ನಾವು ನಾಲ್ಕು ಮೊಳ ಬಟ್ಟೆಯಿಂದ ಜಗತ್ತಿನ ಲೆಕ್ಕದಿಂದ ತೆಗೆದುಹಾಕಿದ್ದೆವು.

ಹಾಗಾದರೆ ಪರದೆ ಹಾಕಿದ್ದೇ ತಪ್ಪೇ? "ತಪ್ಪು ಮಾಡದವನಿಗೆ ಮರೆ ಏಕೆ?" ಎನ್ನುವ ಹಿರಿಯರು ನಮ್ಮಲ್ಲಿ ಇದ್ದಾರೆ. ಈ ಮಾತು ಸರಿಯಲ್ಲ. ಸ್ನಾನದ ಮನೆಯ ಬಾಗಿಲು ಹಾಕಿಕೊಳ್ಳುವವನು ಕಳ್ಳನೇನಲ್ಲ. ನಮ್ಮ ನ್ಯಾಯಾಲಯಕ್ಕೂ ಇದನ್ನು ಹೇಳಲು ಕಾಲ ಹಿಡಿಯಿತು. ೧೯೬೨ರ ಖರಕ್ ಸಿಂಗ್ ಮೊಕದ್ದಮೆಯಲ್ಲಿ, ಪೊಲೀಸರು ರಾತ್ರಿ ಹೊತ್ತು ಮನೆಗೆ ಬಂದು ಬಾಗಿಲು ತಟ್ಟುವುದನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತಾದರೂ, ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲವೆಂದಿತು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕೆಂದು ಸಾರಿದರು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಅಡುಗೆಮನೆಯ ನೆಲಕ್ಕೆ ಸರಿದ ಹುಡುಗಿಗೆ ಈ ಹಕ್ಕು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಚಾಳಿನ ದಿನಗಳನ್ನು ಹೊಗಳುವವರು ಹೇಳುತ್ತಾರೆ, ಆಗ ಪರದೆ ಬಾಗಿಲಲ್ಲಿರಲಿಲ್ಲ, ನೆರೆಯವರ ಕಣ್ಣಿನಲ್ಲಿತ್ತು ಎಂದು. ನಿಜವೇ, ಎಷ್ಟೋ ಮಂದಿ ಕಂಡರೂ ಕಾಣದಂತೆ ಹೋಗುವ ಸೌಜನ್ಯವನ್ನು ಕಲಿತಿದ್ದರು. ಆದರೆ ಅಂದು ಬಟ್ಟೆ ಬದಲಾಯಿಸಲು ಕಪಾಟಿನ ಬಾಗಿಲನ್ನೇ ಮರೆ ಮಾಡಿಕೊಳ್ಳುತ್ತಿದ್ದವರು, ಗಂಡಸರು ಏಳುವ ಮೊದಲೇ ಎದ್ದು ಮಿಂದು ಮುಗಿಸುತ್ತಿದ್ದವರು ನಮ್ಮ ಹೆಂಗಸರು. ತೆರೆದ ಬಾಗಿಲಿನ ಬೆಲೆಯನ್ನು ಅವರು ತೆತ್ತರು. ಅದರ ಸೊಗಸನ್ನು ನಾವು ಹೊಗಳುತ್ತೇವೆ.

ಕಾಣಿಸಿಕೊಳ್ಳದಿರುವುದು ಮಗಳಿಗೆ ಎಷ್ಟು ಅಗತ್ಯವೋ ಕಾಣಿಸಿಕೊಳ್ಳುವುದು ಅಮ್ಮನಿಗೆ ಅಷ್ಟೇ ಅಗತ್ಯ. ಇವೆರಡರಲ್ಲಿ ಒಂದು ಧರ್ಮ, ಇನ್ನೊಂದು ಅಧರ್ಮವಲ್ಲ. ನಮ್ಮ ತಪ್ಪು ಪರದೆ ಹಾಕಿದ್ದರಲ್ಲಿ ಇರಲಿಲ್ಲ. ಅದರ ಹಗ್ಗ ಯಾರ ಕೈಯಲ್ಲಿರಬೇಕೆಂದು ಕೇಳದೆ ಹೋದದ್ದರಲ್ಲಿ ಇತ್ತು. ಇನ್ನೊಂದು ಮಾತೂ ಇದೆ. ಆಜಿಗೆ ನಮ್ಮ ಮನೆಯೊಳಗೆ ನೋಡುವ ಹಕ್ಕು ಇಲ್ಲ. ಯಾವ ನ್ಯಾಯಾಲಯವೂ ಅದನ್ನು ಕೊಡದು. ಆದರೂ ಆಕೆಗೆ ನಮ್ಮಿಂದ ಬರಬೇಕಾದದ್ದು ಏನೋ ಇತ್ತು. ಪರದೆ ಎಳೆದುಕೊಳ್ಳುವುದು ಯಾರ ಹಕ್ಕೆಂದು ಕಾನೂನು ಹೇಳೀತು. ಯಾವಾಗ ಸರಿಸಬೇಕೆಂಬುದನ್ನು ನೆರೆಹೊರೆಯೇ ಹೇಳಬೇಕು.

ಅಂಗಡಿಯವನನ್ನು ಮತ್ತೆ ಕರೆಸಿದೆವು. ಬೇಡವೆಂದಿದ್ದ ಆ ನೇರ ಸರಳೇ ಈಗ ಬಂತು. ದಪ್ಪ ಬಟ್ಟೆ ಈಚೆಗೆ, ಮಗಳ ಮೇಜಿಗೂ ಕಟ್ಟೆಗೂ ನಡುವೆ. ಸಂಜೆ ಓದುವಾಗ ಅವಳೇ ಎಳೆದುಕೊಳ್ಳುತ್ತಾಳೆ. ಕಿಟಕಿಯ ಮೂರು ಮುಖಕ್ಕೆ ಕೆಳಗಿನ ಅರ್ಧಕ್ಕಷ್ಟೆ ತೆಳು ಬಟ್ಟೆ, ಅಮ್ಮನ ಬೆರಳಿಗೆ ಸರಿಯುವಂಥದು. ಅಮ್ಮ ಪರದೆಯ ಆಚೆಗೆ, ಬೀದಿಯ ಪಾಲಿಗೆ. ಮಗಳು ಈಚೆಗೆ, ಪುಸ್ತಕದ ಪಾಲಿಗೆ. ಮೊದಲ ದಿನ ಲೋಟ ಎತ್ತಿದಾಗ ಆಜಿ ಎರಡೂ ಕೈ ಮುಗಿದಳಂತೆ.

ನಮ್ಮ ಮದುವೆಗಳಲ್ಲಿ ವಧೂವರರ ನಡುವೆ ಅಂತಃಪಟ ಹಿಡಿಯುತ್ತಾರೆ. ಮುಹೂರ್ತಕ್ಕೆ ಸರಿಯಾಗಿ ಸರಿಸುವುದಕ್ಕೆಂದೇ ಅದನ್ನು ಹಿಡಿಯುವುದು. ಕನ್ನಡದಲ್ಲಿ ಪರದೆಗೂ 'ತೆರೆ' ಎನ್ನುತ್ತೇವೆ, ಬಾಗಿಲು ತೆಗೆ ಎನ್ನುವುದಕ್ಕೂ 'ತೆರೆ' ಎನ್ನುತ್ತೇವೆ. ಹೊಸ ಮನೆಗೆ ಬಟ್ಟೆ ಆರಿಸಲು ಹೊರಟ ಬಂಧುಗಳು ಬಣ್ಣ, ಗಜ, ದರ ಎಲ್ಲವನ್ನೂ ವಿಚಾರಿಸಲಿ. ಮೊದಲು ಮಾತ್ರ, ಆ ಕಿಟಕಿಯ ಬಳಿ ದಿನದಲ್ಲಿ ಹೆಚ್ಚು ಹೊತ್ತು ಕೂರುವವರು ಯಾರೆಂದು ಕೇಳಿಕೊಳ್ಳಲಿ.