ಸಗಣಿಯುಂಡೆಗೆ ಚೆಂಡುಹೂವು

“ದುಡ್ಡು ಕೊಟ್ಟು ಸೊಪ್ಪೆ ತಂದೀಯೇನೇ?”

ಅವ್ವನ ಪ್ರಶ್ನೆಗೆ ಅತ್ತ ಕಡೆಯಿಂದ ನಗು ಬಂತು, ಉತ್ತರ ಬರಲಿಲ್ಲ. ನನ್ನ ತಂಗಿಯ ಮಗಳು ಇರುವುದು ಅಮೆರಿಕದ ಓಹಾಯೋದಲ್ಲಿ. ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮನೆ ಸಿಂಗರಿಸಿದ್ದನ್ನು ತೋರಿಸಲು ವಿಡಿಯೊ ಕಾಲ್ ಮಾಡಿದ್ದಳು. ಬಾಗಿಲ ಎರಡೂ ಬದಿಗೆ ಒಣಗಿದ ಮೆಕ್ಕೆಜೋಳದ ದಂಟುಗಳನ್ನು ಆಳೆತ್ತರಕ್ಕೆ ನಿಲ್ಲಿಸಿ ಕೆಂಪು ರಿಬ್ಬನ್ ಕಟ್ಟಿದ್ದಳು. ಮೆಟ್ಟಿಲಿಗೊಂದರಂತೆ ಸಿಹಿಗುಂಬಳಕಾಯಿ. ಅವ್ವ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡಳು.

“ದನ ಎಲ್ಲಿ ಕಟ್ಟೀಯ?”

“ದನ ಇಲ್ಲಜ್ಜಿ. ಇದು ಸುಮ್ನೆ ಚಂದಕ್ಕೆ.”

“ಹಂಗಾರೆ ಸೊಪ್ಪೆ ಯಾರು ತಿಂತಾರೆ?”

ಫೋನಿಟ್ಟ ಮೇಲೂ ಅವ್ವ ಅದನ್ನೇ ಅಂದುಕೊಳ್ಳುತ್ತಿದ್ದಳು. ಹಿತ್ತಿಲಲ್ಲಿ ನಮ್ಮದೇ ಸೊಪ್ಪೆಯ ಬಣವೆ ನಿಂತಿತ್ತು. ಅದನ್ನು ಯಾರೂ ಚಂದಕ್ಕೆ ಅಂತ ನೋಡಿದ್ದಿಲ್ಲ. ನಾನಂತೂ ನೋಡಿರಲಿಲ್ಲ. ಅವತ್ತು ಸಂಜೆ ಹೋಗಿ ನೋಡಿದೆ. ಇಳಿಬಿಸಿಲು ಬಿದ್ದು ದಂಟಿನ ಗಿಣ್ಣು ಗಿಣ್ಣೂ ಹಿತ್ತಾಳೆಯ ಹಾಗೆ ಕಾಣುತ್ತಿತ್ತು. ಅಷ್ಟು ದೂರದಿಂದ ಒಬ್ಬಳು ತೋರಿಸಬೇಕಾಯಿತಲ್ಲ ಅನ್ನಿಸಿ ಸ್ವಲ್ಪ ನಾಚಿಕೆಯೂ ಆಯಿತು.

ನಮ್ಮ ಚಿಕ್ಕಜಾಜೂರನ್ನು ನವೆಂಬರಿನಲ್ಲಿ ರೈಲಿನ ಕಿಟಕಿಯಿಂದ ಕಂಡವರಿಗೆ ನೆನಪಿರುವುದು ಜಂಕ್ಷನ್ನು ಮಾತ್ರ. ಬೆಂಗಳೂರು–ಹುಬ್ಬಳ್ಳಿ ದಾರಿಯಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಯ ಕಡೆ ಒಂದು ಕವಲು ಇಲ್ಲಿ ಒಡೆಯುತ್ತದೆ. ಇಳಿದು ಊರೊಳಗೆ ಬಂದರೆ ರಸ್ತೆಯ ಅರ್ಧ ಹಳದಿ. ಮೆಕ್ಕೆಜೋಳ ಮುರಿದು, ಮಿಷನ್ನಿಗೆ ಹಾಕಿಸಿ, ಕಾಳನ್ನು ಟಾರು ರಸ್ತೆಗೇ ಹರವಿರುತ್ತಾರೆ. ಹರವಿದ ಕಾಳಿನಲ್ಲಿ ಕಾಲೆಳೆದುಕೊಂಡು ನಡೆದು ಸಾಲು ಹೊಡೆಯುವುದು ನಮ್ಮ ಬಾಲ್ಯದ ಕೆಲಸವೂ ಆಟವೂ ಆಗಿತ್ತು. ಪಾದ ಮುಳುಗಿದಾಗ ಮೇಲಿನ ಕಾಳು ಸುಡುತ್ತದೆ, ತಳದ್ದು ತಣ್ಣಗಿರುತ್ತದೆ. ಬೈಕಿನವರು ಬೈದುಕೊಂಡು ಹೋಗುತ್ತಾರೆ. ಬೈಯುವವರ ಮನೆಯ ಜೋಳ ಮುಂದಿನ ತಿರುವಿನಲ್ಲಿ ಬಿದ್ದಿರುತ್ತದೆ. ರಾತ್ರಿ ತಾಡಪಾಲು ಮುಚ್ಚಿ, ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುವುದು. ಗೂಡ್ಸ್ ಗಾಡಿ ಹೋದರೆ ನೆಲ ಅದುರುತ್ತದೆ, ರಾಶಿಯಿಂದ ನಾಲ್ಕು ಕಾಳು ಜಾರುತ್ತವೆ.

ಅದೇ ಹೊತ್ತಿಗೆ ತೋಟದವರ ಮನೆಗಳಲ್ಲಿ ಅಡಿಕೆ. ಸುಲಿಯುವುದಕ್ಕೆ ಮಿಷನ್ ಬಂದ ಮೇಲೆ ಅಂಗಳದ ಮಾತುಕತೆ ಕಡಿಮೆಯಾಗಿದೆ, ಅದನ್ನು ಪ್ರಗತಿ ಅನ್ನಬೇಕೋ ಬೇಡವೋ ತಿಳಿಯದು. ಮೊದಲು ಲೈಟು ಹಾಕಿಕೊಂಡು ಬೀದಿಯ ಹೆಂಗಸರೆಲ್ಲ ಸಾಲಾಗಿ ಕೂತು ಸುಲಿಯುತ್ತಿದ್ದರು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಸೊಸೆ ತವರಿಗೆ ಹೋದವಳು ಬರಲಿಲ್ಲ ಎಂಬುದೆಲ್ಲ ಸಿಪ್ಪೆಯ ಜೊತೆಗೇ ಬಿಚ್ಚಿಕೊಳ್ಳುತ್ತಿತ್ತು. ಹಂಡೆಯಲ್ಲಿ ಬೇಯುವ ಅಡಿಕೆಯ ಚೊಗರು ವಾಸನೆ ಬೀದಿ ತುಂಬ. ಆ ದಿನಗಳಲ್ಲಿ ಊಟಕ್ಕೆ ಬಡಿಸುವ ಕೈಗಳೆಲ್ಲ ಕಪ್ಪು.

ದೀಪಾವಳಿ ಬರುವುದು ಇವೆಲ್ಲದರ ನಡುವೆ, ಯಾರಿಗೂ ಬಿಡುವಿಲ್ಲದ ಹೊತ್ತಿನಲ್ಲಿ. ಆದರೂ ಸುಣ್ಣ ಬಳಿಯದೆ ಹಬ್ಬವಿಲ್ಲ. ಸುಣ್ಣದ ಕೆಳಗೆ, ನೆಲದಿಂದ ಗೇಣೆತ್ತರಕ್ಕೆ, ಜಾಜಿನ ಪಟ್ಟಿ. ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಬಟ್ಟೆ ಸುತ್ತಿದ ಕಡ್ಡಿ ಅದ್ದಿ ಎಳೆಯುವ ಆ ಗೆರೆ ಎಂದೂ ನೇರ ಬಂದಿದ್ದಿಲ್ಲ. ನಮ್ಮೂರ ಹೆಸರಿನ ನಡುವೆಯೇ ಜಾಜು ಕೂತಿದೆ. ಹೆಸರಿಗೂ ಬಣ್ಣಕ್ಕೂ ನೆಂಟಸ್ತಿಕೆ ಹುಡುಕುವುದು ಶಾಸನ ಓದುವವರ ಕೆಲಸ. ನಾನು ಚಿಕ್ಕವನಿದ್ದಾಗ ಊರಿಗೆ ಹೆಸರಿಟ್ಟಿದ್ದೇ ಅವ್ವ ಬಳಿದ ಪಟ್ಟಿ ನೋಡಿ ಅಂತ ನಂಬಿದ್ದೆ. ಈಗ ಗೋಡೆಗೆ ಡಬ್ಬಿಯ ಪೇಂಟು ಬಂದಿದೆ. ಅವ್ವ ಮಾತ್ರ ತುಳಸಿಕಟ್ಟೆಗೂ ಕೊಟ್ಟಿಗೆಯ ಗೋಡೆಗೂ ಜಾಜನ್ನೇ ಎಳೆಯುತ್ತಾಳೆ, ಡೊಂಕಾಗಿಯೇ.

ಹಬ್ಬದ ಬೆಳಿಗ್ಗೆಯ ಒಂದು ಕೆಲಸ ನೋಡಲು ನಾನು ಎಷ್ಟೇ ನಿದ್ದೆಗಣ್ಣಿದ್ದರೂ ಏಳುತ್ತೇನೆ. ಅವ್ವ ಕೊಟ್ಟಿಗೆಯಿಂದ ಆಗ ತಾನೇ ಹಾಕಿದ ಸಗಣಿ ತರುತ್ತಾಳೆ. ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು, ಎರಡೂ ಅಂಗೈ ನಡುವೆ ಹೊರಳಿಸಿ, ನಿಂಬೆಹಣ್ಣಿಗಿಂತ ಒಂದಿಷ್ಟು ದೊಡ್ಡದಾಗಿ ಉಂಡೆ ಕಟ್ಟುತ್ತಾಳೆ. ಕೆಳಗೊಂದು ತಟ್ಟಿ ಕೂರಿಸುತ್ತಾಳೆ, ಉರುಳದ ಹಾಗೆ. ನೆತ್ತಿಗೆ ಹೆಬ್ಬೆರಳಿಂದ ಒಂದು ಗುಳಿ. ಅದರೊಳಗೆ ಉತ್ತರಾಣಿ ಕಡ್ಡಿ, ಕಾಚಿಕಡ್ಡಿ, ಬ್ರಹ್ಮದಂಡೆ, ತಂಗಡಿ ಹೂವು, ಅಣ್ಣೆ ಹೂವು. ಕೊನೆಗೆ ಒಂದು ದುಂಡನೆಯ ಚೆಂಡುಹೂವು. ಬೆರಳ ಸಂದಿಯಲ್ಲಿ ಅಡಿಕೆಯ ಚೊಗರು, ಉಗುರಲ್ಲಿ ಜಾಜು, ಅಂಗೈಯಲ್ಲಿ ಸಗಣಿ. ಆ ಕೈಯ ನಡುವಿಂದ ಹಳದಿ ಹೂವೊಂದು ಹೊರಬರುವಾಗ, ಸಿಂಗಾರ ಅನ್ನುವ ಮಾತಿಗೆ ನನಗೆ ಗೊತ್ತಿದ್ದ ಅರ್ಥ ಪ್ರತಿ ವರ್ಷವೂ ಸ್ವಲ್ಪ ಅಲುಗಾಡುತ್ತದೆ.

ಯಾಕೆಂದರೆ ಆ ಹೂವು ಕಡ್ಡಿಗಳ ಪಟ್ಟಿಯನ್ನೊಮ್ಮೆ ನೋಡಿ. ಉತ್ತರಾಣಿ ಅಂದರೆ ಪಂಚೆಗೆ ಅಂಟಿಕೊಂಡು ಬರುವ ಕಳೆ. ಅಣ್ಣೆ ಹೊಲದ ಕಳೆ. ತಂಗಡಿಗೆ ಬದುವೇ ಗತಿ. ವರ್ಷವಿಡೀ ಕುಂಟೆ ಹೊಡೆದು, ಕುಡುಗೋಲು ಹಿಡಿದು ಯಾವುದನ್ನು ಕಿತ್ತು ಎಸೆಯುತ್ತೇವೋ ಅದನ್ನೇ ಒಂದು ದಿನ ಹುಡುಕಿಕೊಂಡು ಹೋಗಿ ತರುತ್ತೇವೆ. ಈಗ ಹುಡುಕಬೇಕಾಗಿದೆ ಎನ್ನುವುದು ನಿಜ. ಕಳೆನಾಶಕ ಹೊಡೆದ ಹೊಲದಲ್ಲಿ ಅಣ್ಣೆ ಸಿಗುವುದಿಲ್ಲ. ದಾವಣಗೆರೆಯ ಮಾರುಕಟ್ಟೆಯಲ್ಲಿ ಕಾಚಿಕಡ್ಡಿ, ಬ್ರಹ್ಮದಂಡೆಯ ಕಟ್ಟುಗಳನ್ನು ಮಾರುತ್ತಾರೆ, ಜನ ಚೌಕಾಸಿ ಮಾಡಿ ಕೊಳ್ಳುತ್ತಾರೆ. ಓಹಾಯೋದ ಸೊಪ್ಪೆಗೆ ಬೆರಗಾದ ಅವ್ವನಿಗೆ ಇದನ್ನು ನೆನಪಿಸುವ ಧೈರ್ಯ ನನಗಾಗಲಿಲ್ಲ.

ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ದೀಪಾವಳಿ ಇನ್ನೂ ಚಂದ. ಅಮಾವಾಸ್ಯೆಯ ರಾತ್ರಿ ದೀಪ ಹಿಡಿದು ಮನೆಮನೆಗೂ ಹೋಗಿ ಮೇರಾ ಎಂಬ ಹಾರೈಕೆಯ ಹಾಡು ಹೇಳುತ್ತಾರೆ. ಮಾರನೆಯ ದಿನ ಗುಂಪಾಗಿ ಕಾಡಿಗೆ ಹೋಗಿ ಹೂ ತಂದು ಹಟ್ಟಿಯನ್ನು ಸಿಂಗರಿಸುತ್ತಾರೆ. ಹೊಳಲ್ಕೆರೆ ತಾಲ್ಲೂಕಿನ ಗುಡ್ಡದ ಬದಿಯಲ್ಲಿ ಆ ದಿನ ಬಣ್ಣದ ಲಂಗಗಳ ಸಾಲೊಂದು ಇಳಿದು ಬರುವುದನ್ನು ನೋಡಿದವರಿಗೆ ಗೊತ್ತು.

ಚೆಂಡುಹೂವಿನ ವಿಷಯ ನನಗೆ ತಿಳಿದಿದ್ದು ತಡವಾಗಿ. ಅದು ನಮ್ಮದಲ್ಲ. ಮೆಕ್ಸಿಕೊದ್ದು. ಪೋರ್ಚುಗೀಸರ ಕಾಲದಲ್ಲಿ ಹಡಗಿನಲ್ಲಿ ಬಂದ ಹೂವು. ನಮ್ಮ ರಸ್ತೆಯ ಮೇಲೆ ಒಣಗುವ ಮೆಕ್ಕೆಜೋಳವೂ ಅಲ್ಲಿಯದೇ. ಸುಮಾರು 9000 ವರ್ಷದ ಹಿಂದೆ ಅಲ್ಲಿನ ಬಾಲ್ಸಾಸ್ ನದಿ ಕಣಿವೆಯ ರೈತರು ಟಿಯೊಸಿಂಟೆ ಎಂಬ ಹುಲ್ಲನ್ನು ಪಳಗಿಸಿ ತೆನೆ ಮಾಡಿದರು. ಎಡೆಗೆ ಪಲ್ಯವಾಗುವ ಸಿಹಿಗುಂಬಳ ಆ ಕಡೆಯದು, ಪಲ್ಯದೊಳಗಿನ ಮೆಣಸಿನಕಾಯಿಯೂ ಆ ಕಡೆಯದು. ಇಷ್ಟಾದ ಮೇಲೆ ನಮ್ಮ ಹಬ್ಬದಲ್ಲಿ ಉಳಿದದ್ದೇನು ಅಂತ ಲೆಕ್ಕ ಹಾಕಲು ಕೂತೆ, ಬಿಟ್ಟೆ. ಸಗಣಿಯಂತೂ ನಮ್ಮದೇ.

ಮೆಕ್ಸಿಕೊದಲ್ಲಿ ಈ ಹೂವಿಗೆ ಸೆಂಪಸೂಚಿಲ್ ಅನ್ನುತ್ತಾರಂತೆ, ನಾವಾಟಲ್ ಭಾಷೆಯ ಹೆಸರು. ಇಪ್ಪತ್ತು ಹೂವು ಎಂದರ್ಥ. ಎಸಳೆಸಳೂ ಒಂದೊಂದು ಹೂವಿನ ಹಾಗೆ ಎಂದು ಲೆಕ್ಕ ಮಾಡಿದವರು ಕೈ ಮತ್ತು ಕಾಲಿನ ಬೆರಳೆಲ್ಲ ಮುಗಿದಾಗ ನಿಲ್ಲಿಸಿರಬೇಕು. ಅಲ್ಲಿ ಇದು ಸತ್ತ ಹಿರಿಯರ ಹೂವು. ನವೆಂಬರ್ 1 ಮತ್ತು 2ರಂದು ಹೋದವರು ಮನೆಗೆ ಬರುತ್ತಾರೆಂದು ಬಾಗಿಲಿಂದ ಪೂಜೆಯ ಜಾಗದವರೆಗೂ ಎಸಳುಗಳ ದಾರಿ ಹಾಸುತ್ತಾರೆ. ವಾಸನೆ ಹಿಡಿದು ಬರಲಿ ಅಂತ. ಅವರಿಗೆ ಇಷ್ಟವಾಗಿದ್ದ ಅಡುಗೆ ಮಾಡಿಡುತ್ತಾರೆ.

ಇದನ್ನು ಓದಿದಾಗ ಮೈ ಜುಮ್ಮೆಂದಿತು. ನಮ್ಮ ಕಡೆ ದೀಪಾವಳಿ ಎಂದರೆ ಪಟಾಕಿಗಿಂತ ಮೊದಲು ಹಿರಿಯರ ಹಬ್ಬ. ಕಳಶ ಇಟ್ಟು, ಹೊಸ ಪಂಚೆ, ಹೊಸ ಸೀರೆ ಏರಿಸಿ, ಹೋಳಿಗೆ, ಕಾಯಿಹಾಲು, ಕರಿಗಡಬಿನ ಎಡೆ ಇಡುತ್ತೇವೆ. ಅಪ್ಪನಿಗೆ ಇಷ್ಟವಿದ್ದ ಮುಳುಗಾಯಿ ಎಣ್ಣೆಗಾಯಿಯನ್ನು ಅವ್ವ ಮರೆಯುವುದಿಲ್ಲ, ಬೀಡಿ ಕಟ್ಟೊಂದನ್ನೂ ಇಡುತ್ತಾಳೆ. ಬದುಕಿದ್ದಾಗ ಅದೇ ಬೀಡಿಗೆ ದಿನಾ ಜಗಳ ತೆಗೆಯುತ್ತಿದ್ದವಳು. ಆಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಆಚೆ ಕೂರುತ್ತೇವೆ, ಒಂದಿಷ್ಟು ಹೊತ್ತು. ಬೆಂಗಳೂರಿಂದ ರೈಲಿಗೆ ಬಂದ ಮಕ್ಕಳು ಹಸಿವೆಯಿಂದ ಪಿಸುಗುಟ್ಟುತ್ತವೆ. ಒಳಗೆ ಊದುಬತ್ತಿಯೂ ಚೆಂಡುಹೂವೂ ಸೇರಿದ ಆ ವಾಸನೆ.

2024ರಲ್ಲಿ ಬಲಿಪಾಡ್ಯಮಿ ಬಿದ್ದಿದ್ದು ನವೆಂಬರ್ 2ಕ್ಕೆ. ಭೂಮಿಯ ಎರಡು ಕಡೆ, ಒಂದೇ ದಿನ, ಅದೇ ಹೂವು, ಅದೇ ಕೆಲಸಕ್ಕೆ. ಹೂವಿನ ಜೊತೆ ಸಂಪ್ರದಾಯ ಹಡಗು ಹತ್ತಿ ಬರಲಿಲ್ಲ. ಹಿರಿಯರಿಗೆ ಎಡೆ ಇಡುವುದು ಚೆಂಡುಹೂವಿಗಿಂತ ಎಷ್ಟೋ ಹಳೆಯದು. ಬೀಜವೊಂದು ಗೊತ್ತುಗುರಿಯಿಲ್ಲದೆ ಬಂದು, ತಾನು ಬಿಟ್ಟುಬಂದಿದ್ದ ಕೆಲಸವನ್ನೇ ಇಲ್ಲೂ ಹಿಡಿಯಿತು. ಕಾಕತಾಳೀಯ ಅನ್ನಬಹುದು. ನಾನೂ ಅದನ್ನೇ ಅನ್ನುತ್ತೇನೆ. ಅಂದ ಮೇಲೂ ಅಂಗಳದಲ್ಲಿ ಆ ಹೂವನ್ನು ತುಳಿಯಲು ಕಾಲು ಬರುವುದಿಲ್ಲ.

ಸೀಮೆ ದಾಟಿದ್ದು ಹೂವೊಂದೇ ಅಲ್ಲ. ಅಮೆರಿಕದ ಆ ಥ್ಯಾಂಕ್ಸ್‌ಗಿವಿಂಗ್ ಊಟದ ಕೋಳಿಯ ಹೆಸರಂತೂ ಒಂದು ತಮಾಷೆ. ಇಂಗ್ಲಿಷರು ಅದನ್ನು ಟರ್ಕಿ ದೇಶದ್ದೆಂದು ತಿಳಿದು ಟರ್ಕಿ ಎಂದರು, ಟರ್ಕಿಯವರು ಅದನ್ನು ಹಿಂದಿ ಎನ್ನುತ್ತಾರೆ, ಅಂದರೆ ಹಿಂದೂಸ್ತಾನದ್ದು. 1612ರಲ್ಲಿ ಗೋವೆಯಿಂದ ಆ ಕೋಳಿ ಜಹಾಂಗೀರನ ಆಸ್ಥಾನಕ್ಕೆ ಹೋದಾಗ ಬಾದಶಹ ಬೆರಗಾಗಿ ಚಿತ್ರಕಾರ ಮನ್ಸೂರನಿಂದ ಚಿತ್ರ ಬರೆಸಿದ. ಎಲ್ಲರೂ ಅದನ್ನು ಇನ್ಯಾರದೋ ಎಂದವರೇ.

ಆ ಹಬ್ಬದ ಬೆನ್ನಿಗೊಂದು ಕಹಿಯೂ ಇದೆ. ಅಮೆರಿಕದ ಪ್ಲಿಮತ್‌ಗೆ ವಲಸೆ ಬಂದವರಿಗೆ 1621ರಲ್ಲಿ ಮೆಕ್ಕೆಜೋಳ ಬಿತ್ತಲು ಕಲಿಸಿದವರು ಅಲ್ಲಿನ ಮೂಲನಿವಾಸಿಗಳು. ಮೊದಲ ಸುಗ್ಗಿಯ ಊಟಕ್ಕೆ ಆ ಮೂಲನಿವಾಸಿ ವಾಂಪನೋಗ್ ಜನ ಜೊತೆಗಿದ್ದರು. ಆಮೇಲೆ ಅವರ ನೆಲ ಹೋಯಿತು. ಲಿಂಕನ್ 1863ರಲ್ಲಿ ದೇಶಕ್ಕೆಲ್ಲ ಕೃತಜ್ಞತೆಯ ದಿನ ಸಾರಿದ. 1970ರಿಂದ ಮೂಲನಿವಾಸಿಗಳು ಅದೇ ಹಬ್ಬದ ದಿನ ಪ್ಲಿಮತ್‌ನಲ್ಲಿ ಸೇರಿ ಶೋಕದಿನ ಆಚರಿಸುತ್ತಾರೆ. ನಮ್ಮ ಹಬ್ಬವೂ ಬಲಿ ಚಕ್ರವರ್ತಿಯದು ತಾನೇ. ಮೂರು ಹೆಜ್ಜೆ ನೆಲ ಕೊಟ್ಟು ಎಲ್ಲ ಕಳೆದುಕೊಂಡವನನ್ನು ವರ್ಷಕ್ಕೊಮ್ಮೆ ಮನೆಗೆ ಕರೆಯುತ್ತೇವೆ. ಕೊಟ್ಟವನ ಮುಖ ನೋಡುವುದು ಪಡೆದವನಿಗೆ ಎಲ್ಲೆಲ್ಲೂ ಕಷ್ಟವೇ ಇರಬೇಕು.

ಥ್ಯಾಂಕ್ಸ್‌ಗಿವಿಂಗ್ ಎಂಬುದನ್ನು ಅವ್ವನಿಗೆ ಹೇಳುವುದು ಹೇಗೆ ಅಂತ ಅವಳ ಸೊಸೆ ತಡಕಾಡಿದಳು. ಧನ್ಯವಾದ ಎನ್ನುವುದು ನಮ್ಮೂರಲ್ಲಿ ಮೈಕಿನ ಮುಂದಿನ ಮಾತು. ಮನೆಯಲ್ಲಿ ಯಾರೂ ಯಾರಿಗೂ ಅದನ್ನು ಅಂದಿದ್ದಿಲ್ಲ. ಅಂದರೆ ಜಗಳವಾಗಿದೆ ಅಂತ ಅರ್ಥ. ಉಪಕಾರ ತಿಳಿಯದೆ ಅಲ್ಲ, ಅದನ್ನು ಬಾಯಲ್ಲಿ ಹೇಳುವ ರೂಢಿಯಿಲ್ಲ. 2022ರ ಸೆಪ್ಟೆಂಬರಿನಲ್ಲಿ ನಾವು ಮಾರಿಕಣಿವೆ ಎನ್ನುವ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಾವೂ ಟೆಂಪೊ ಮಾಡಿಕೊಂಡು ಹೋಗಿದ್ದೆವು. 1933ರ ನಂತರ, 89 ವರ್ಷಕ್ಕೆ ಹರಿದ ಕೋಡಿ. ಮಾರಿಕಣಿವೆ ತುಂಬುತ್ತದಂತೆ ಎನ್ನುವುದು ನಮ್ಮಲ್ಲಿ ಆಗದ ಮಾತಿಗೆ ಹೇಳುವ ಮಾತಾಗಿತ್ತು. ಸೆಲ್ಫಿಯ ಗದ್ದಲದ ನಡುವೆ ಮುದುಕರೊಬ್ಬರು ಚಪ್ಪಲಿ ಬಿಟ್ಟು, ಟವಲು ತಲೆಯಿಂದ ತೆಗೆದು, ಸುಮ್ಮನೆ ನೀರು ನೋಡುತ್ತ ನಿಂತಿದ್ದರು. ಕೈಮುಗಿಯಲೂ ಇಲ್ಲ. ಎಷ್ಟೋ ಹೊತ್ತಾದ ಮೇಲೆ, “ಬಂತಲ್ಲ” ಅಂದರು, ಅಷ್ಟೇ.

ಸೊಸೆ ಕೊನೆಗೆ, “ಅತ್ತೆ, ಅದು ಅವರ ಸುಗ್ಗಿ ಹಬ್ಬ, ಬೆಳೆ ಕೊಟ್ಟ ದೇವ್ರಿಗೆ ಉಪಕಾರ ಹೇಳೋದು” ಅಂದಳು.

“ಹೇಳ್ತಾರಾ? ಬಾಯಿ ಬಿಟ್ಟು?” ಅವ್ವನಿಗೆ ಅದು ಸೊಪ್ಪೆಗಿಂತ ದೊಡ್ಡ ಆಶ್ಚರ್ಯವಾಯಿತು.

ಮಾರನೆಯ ದಿನ ಬಾಗಿಲ ಮೇಲಿನ ದೀಪಾವಳಿಯ ಹಾರ ಬಿಚ್ಚಿದಳು. ನಾಲ್ಕು ವಾರದಲ್ಲಿ ಚೆಂಡುಹೂವುಗಳು ಕಂದು ಬಣ್ಣಕ್ಕೆ ತಿರುಗಿ ಗರಗರ ಒಣಗಿದ್ದವು. ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ಅಂಗೈಯಲ್ಲಿ ತಿಕ್ಕಿ ಉಫ್ ಅಂತ ಊದಿದಳು. ಹೊಟ್ಟು ಹಾರಿ ಬೀಜ ಉಳಿಯಿತು. ಸೂಜಿಯಂಥ ಕಪ್ಪು ಬೀಜ, ತುದಿಗೆ ಒಣಹುಲ್ಲಿನ ಬಣ್ಣದ ಕುಚ್ಚು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಎರಡು ಪೊಟ್ಟಣ ಕಟ್ಟಿದಳು. ಒಂದು ಮನೆಗೆ. ಇನ್ನೊಂದನ್ನು ನನ್ನ ಕಡೆ ನೂಕಿ, “ಆ ಹುಡುಗಿಗೆ ಕಳ್ಸು. ದುಡ್ಡು ಕೊಟ್ಟು ತರಾದು ತಪ್ಪುತ್ತೆ” ಅಂದಳು.

ಆ ದೇಶಕ್ಕೆ ಬೀಜ ಗೀಜ ಹಂಗೆಲ್ಲ ಅಂಚೆಯಲ್ಲಿ ಕಳಿಸಲು ಬಿಡುವುದಿಲ್ಲ ಎಂದೆ. ಅಲ್ಲದೆ ಈ ಹೂವು ಬಂದಿದ್ದೇ ಆ ಸೀಮೆಯಿಂದ ಅಂತಲೂ ಹೇಳಿದೆ. ಅವ್ವ ಒಂದು ಗಳಿಗೆ ಪೊಟ್ಟಣ ನೋಡಿದಳು.

“ಹಂಗಾರೆ ತವರಿಗೆ ಹೋಗಾಕೂ ಬಿಡಲ್ಲ ಅನ್ನು.”

ಪೊಟ್ಟಣ ಈಗ ದೇವರ ಗೂಡಿನ ಪಕ್ಕ, ಅಪ್ಪನ ಫೋಟೊದ ಹಿಂದೆ ಸಿಕ್ಕಿಕೊಂಡಿದೆ. ಜೂನಿನಲ್ಲಿ ಮಳೆ ಬಿದ್ದರೆ ಅದನ್ನೂ ಹಿತ್ತಿಲಿಗೇ ಚೆಲ್ಲುತ್ತಾಳಂತೆ.