ಸಬರ್ ಯಾರಿಗೆ ಸಲ್ಲಬೇಕು?

ಕೆಲಸದಲ್ಲಿ ಕೈ ಕಳೆದುಕೊಂಡವನಿಗೆ ನಮ್ಮ ಸಮಾಜ ಕೊಡುವ ಮೊದಲ ಪರಿಹಾರ ಉಪದೇಶ. ಕೆಲವರು ಹಣೆಬರಹ ಎನ್ನುತ್ತಾರೆ, ಇನ್ನು ಕೆಲವರು ತಕ್ದೀರ್ ಎನ್ನುತ್ತಾರೆ. ಮಾತು ಬೇರೆ, ಅರ್ಥ ಒಂದೇ: ಕೊಟ್ಟಷ್ಟು ತೆಗೆದುಕೊಂಡು ಸುಮ್ಮನಿರು. ಆತ ಸುಮ್ಮನಿರದೆ, ಸಿಕ್ಕ ತೀರ್ಪು ಸಾಲದೆಂದು ಅಪೀಲಿಗೆ ಹೊರಟರೆ ಮಸೀದಿಯ ಕಟ್ಟೆಯಲ್ಲೂ ಗುಡಿಯ ಕಟ್ಟೆಯಲ್ಲೂ 'ಆಸೆಬುರುಕ' ಎಂಬ ಮಾತು ಏಳುತ್ತದೆ. 'ಸಬರ್ ಇಲ್ಲದ ಮನುಷ್ಯ' ಎಂದು ಹಿರಿಯರು ತಲೆಯಾಡಿಸುತ್ತಾರೆ. ಹಾಗಾದರೆ ಎರಡನೆಯ ಸಲ ನ್ಯಾಯ ಕೇಳುವುದು ಈಮಾನಿನ ಕೊರತೆಯೇ?

ಹೊಸಪೇಟೆಯ ಸೀಮೆಯಲ್ಲಿ ಈ ಪ್ರಶ್ನೆ ಬರೀ ಪುಸ್ತಕದ್ದಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೂ ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಹಗಲಿರುಳು ಇಳಿಯುತ್ತಿದ್ದವು. ಲೋಕಾಯುಕ್ತರ ವರದಿ ಅದಿರಿನ ಲೆಕ್ಕ ಕೇಳಿತು. ಬೆರಳುಗಳ ಲೆಕ್ಕ ಕೇಳುವುದು ಅದರ ಕೆಲಸವಾಗಿರಲಿಲ್ಲ. ಆ ಲೆಕ್ಕ ಇರುವುದು ಲಾರಿ ಕ್ಲೀನರನ ಮನೆಯಲ್ಲಿ, ಕಂಪ್ಲಿ ಕಡೆಯ ಆಲೆಮನೆಯ ಗಾಣಕ್ಕೆ ಕೈ ಕೊಟ್ಟವನ ಮನೆಯಲ್ಲಿ.

ಕಾನೂನಿಗೂ ತನ್ನದೇ ಆದ ಲೆಕ್ಕವಿದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆ 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿತು. ನೂರು ವರ್ಷ ನಡೆದ ಆ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳಿಗೆ 14, ಕಿರುಬೆರಳಿಗೆ 7, ಇಡೀ ಹಸ್ತಕ್ಕೆ 60. ಈ ಅಂಕಿಗಳು ಹೊಟ್ಟೆಗೆ ಹೇಗೆ ತಟ್ಟುತ್ತವೆ ನೋಡಿ. 2020ರ ಅಧಿಸೂಚನೆಯಂತೆ ತಿಂಗಳಿಗೆ 15,000 ರೂಪಾಯಿ ಸಂಬಳವೆಂದು ಹಿಡಿದರೆ, 40 ವರ್ಷದ ಕಾರ್ಮಿಕನಿಗೆ ಪೂರ್ಣ ಅಂಗವೈಕಲ್ಯದ ಪರಿಹಾರ 16,57,530 ರೂಪಾಯಿ. ಪಟ್ಟಿಯ ಪ್ರಕಾರ ಹಸ್ತಕ್ಕೆ ಸಿಗುವುದು 9,94,518. ನಡುವಿನ ಆರೂವರೆ ಲಕ್ಷಕ್ಕೂ ಮಿಕ್ಕ ಹಣವೇ ಅಪೀಲಿನ ಜಗಳ. ಅದನ್ನು ಆಸೆ ಎನ್ನುವವರು ಒಂದೇ ಕೈಯಲ್ಲಿ ಒಂದು ದಿನ ಗುದ್ದಲಿ ಹಿಡಿದು ನೋಡಲಿ.

ಒಡಿಶಾದಲ್ಲಿ ಸಿನಿಮಾ ಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ 1968ರಲ್ಲಿ ಬಿದ್ದು ಎಡಗೈ ಕಳೆದುಕೊಂಡ. ಇದು ಭಾಗಶಃ ನಷ್ಟ ಮಾತ್ರ ಎಂದು ಮಾಲೀಕ ಸುಪ್ರೀಂ ಕೋರ್ಟಿನವರೆಗೂ ವಾದಿಸಿದ. ಒಂದೇ ಕೈಯಲ್ಲಿ ಬಡಗಿತನ ಆಗದು, ಆದ್ದರಿಂದ ನಷ್ಟ ಪೂರ್ಣವೇ ಎಂದು 1975ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. ಪಟ್ಟಿ ಎಲ್ಲ ಕೈಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಆ ಕೈ ಯಾರದ್ದು, ಅದು ಏನು ಮಾಡುತ್ತಿತ್ತು ಎಂದು ಕೇಳಬೇಕಾದವನು ನ್ಯಾಯಾಧೀಶ.

ಇಸ್ಲಾಮಿನ ನ್ಯಾಯಶಾಸ್ತ್ರದಲ್ಲಿ ಗಾಯದ ಪರಿಹಾರಕ್ಕೆ ದಿಯತ್ ಎನ್ನುತ್ತಾರೆ. ಖಲೀಫಾ ಉಮರ್ ಮೊದಲು ಬೆರಳುಗಳ ಉಪಯೋಗ ನೋಡಿ ತೀರ್ಪು ಕೊಟ್ಟಿದ್ದರು: ಹೆಬ್ಬೆರಳಿಗೆ 15 ಒಂಟೆ, ತೋರುಬೆರಳಿಗೂ ನಡುಬೆರಳಿಗೂ 10, ಉಂಗುರದ ಬೆರಳಿಗೆ 9, ಕಿರುಬೆರಳಿಗೆ 6. ಆಮೇಲೆ ಪ್ರವಾದಿಯವರು ಬರೆಯಿಸಿದ್ದ ಪತ್ರವೊಂದು ಸಿಕ್ಕಿತು. ಅದರಲ್ಲಿ ಪ್ರತಿ ಬೆರಳಿಗೂ ಹತ್ತು ಒಂಟೆ ಎಂದಿತ್ತು. ಖಲೀಫರ ತೀರ್ಪನ್ನು ಬದಿಗಿಟ್ಟು ಆ ಪತ್ರವನ್ನೇ ಒಪ್ಪಲಾಯಿತು ಎಂದು ಇಮಾಮ್ ಶಾಫಿಈ ದಾಖಲಿಸಿದ್ದಾರೆ. ಯಾವ ಅಳತೆ ಸರಿ ಎಂಬ ಚರ್ಚೆ ಪಂಡಿತರಿಗಿರಲಿ. ನನ್ನ ಮನಸ್ಸನ್ನು ಹಿಡಿಯುವುದು ಇನ್ನೊಂದು ಮಾತು: ಉಮರರಂಥವರ ತೀರ್ಪೂ ತಿದ್ದುಪಡಿಗೆ ಒಳಗಾಯಿತು, ಅದರಿಂದ ಯಾರ ಈಮಾನೂ ಕುಂದಲಿಲ್ಲ. ನಿನ್ನೆಯ ತೀರ್ಪು ಇಂದು ಸತ್ಯಕ್ಕೆ ಮರಳಲು ಅಡ್ಡಿಯಾಗಬಾರದು ಎಂಬ ಉಪದೇಶವೂ ಅವರ ಹೆಸರಿನಲ್ಲೇ ಇದೆ.

ಆದ್ದರಿಂದ ಸಬರನ್ನು ಸರಿಯಾದ ವಿಳಾಸಕ್ಕೆ ಸಲ್ಲಿಸಬೇಕು. ಹೋದ ಕೈಗಾಗಿ ಸಬರ್ ಅಲ್ಲಾಹನಿಗೆ ಸಲ್ಲುತ್ತದೆ. ಕೊಡದೆ ಉಳಿಸಿಕೊಂಡ ಹಣಕ್ಕಾಗಿ ಸಬರ್ ಮಾಲೀಕನಿಗೆ ಸಲ್ಲಬೇಕಿಲ್ಲ. ಮೊದಲನೆಯದು ಇಬಾದತ್ತು, ಎರಡನೆಯದು ಅನ್ಯಾಯಕ್ಕೆ ಕೊಟ್ಟ ಸಾಲ.

ಅಪೀಲು ಬಡವನ ಕೈಯ ಆಯುಧ ಮಾತ್ರವಲ್ಲ, ಉಳ್ಳವರ ಕೈಯ ಆಯುಧವೂ ಹೌದು. ದಣಿಸಿಯೇ ಗೆಲ್ಲುವ ವಿದ್ಯೆ ಅವರಿಗೆ ಗೊತ್ತು. ಆದ್ದರಿಂದಲೇ 1923ರ ಕಾಯ್ದೆ, ಹಣ ಠೇವಣಿ ಇಡದೆ ಮಾಲೀಕ ಹೈಕೋರ್ಟಿಗೆ ಅಪೀಲು ಹೋಗುವಂತಿಲ್ಲ ಎಂದಿತ್ತು. ಮಾತಿನ ಚಾತುರ್ಯದಿಂದ ತಮ್ಮೆದುರು ಒಬ್ಬನು ತನ್ನ ಸೋದರನ ಹಕ್ಕನ್ನು ಗೆದ್ದರೆ ಅವನು ಒಯ್ಯುವುದು ಬೆಂಕಿಯ ತುಂಡನ್ನು ಎಂದು ಪ್ರವಾದಿಯವರು ಎಚ್ಚರಿಸಿದ್ದರು. ಪ್ರವಾದಿಯವರ ತೀರ್ಪೇ ಹರಾಮನ್ನು ಹಲಾಲ್ ಮಾಡದಿದ್ದರೆ, ವಕೀಲರ ಬಲದಿಂದ ಪಡೆದ ಆದೇಶ ಮಾಡೀತೇ?

ನಮ್ಮ ಪಾಲಿನ ಕೆಲಸವೂ ಒಂದಿದೆ. ಈ ಪ್ರಕರಣಗಳ ಅಪೀಲಿನಲ್ಲಿ ಹೈಕೋರ್ಟು ಕಾನೂನಿನ ಪ್ರಶ್ನೆಯನ್ನು ನೋಡುತ್ತದೆ. ಗಾಯ ಹೇಗಾಯಿತು, ನಷ್ಟ ಎಷ್ಟು ಎಂಬ ಸಂಗತಿಗಳಲ್ಲಿ ಪರಿಹಾರ ಆಯುಕ್ತರದೇ ಕೊನೆಯ ಮಾತು ಎಂದು ಸುಪ್ರೀಂ ಕೋರ್ಟು 2016ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಹೇಳಿತು. ಹೈಕೋರ್ಟಿನ ಧಾರವಾಡ ಪೀಠದವರೆಗೆ ಹೋಗುವವನ ಗಂಟಿನಲ್ಲಿ ಇರುವುದು ಮೊದಲ ವಿಚಾರಣೆಯಲ್ಲಿ ಊರು ಕೊಟ್ಟ ಸಾಕ್ಷ್ಯ ಮಾತ್ರ. ಅಂದು ಜೊತೆಗಾರರು 'ನಾನು ನೋಡಿಲ್ಲ' ಎಂದಿದ್ದರೆ, ಮೇಲಿನ ಯಾವ ನ್ಯಾಯಾಲಯವೂ ಆ ಮೌನವನ್ನು ತುಂಬಲಾರದು. ಸಾಕ್ಷ್ಯವನ್ನು ಮುಚ್ಚಿಡುವವನ ಹೃದಯ ಪಾಪಿ ಎನ್ನುತ್ತದೆ ಕುರ್‌ಆನ್. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಒತ್ತಿಸಿದ ಹೆಬ್ಬೆಟ್ಟಿಗೂ ಆ ಕಾಯ್ದೆಯಲ್ಲಿ ಬೆಲೆ ಇರಲಿಲ್ಲ ಎಂದು ಓದಿ ಹೇಳುವವರು ಎಷ್ಟು ಓಣಿಗಳಲ್ಲಿದ್ದಾರೆ?

ಜಮಾಅತು ಚಂದಾ ಎತ್ತಿ ಗಾಯಾಳುವಿನ ಮನೆಗೆ ಅಕ್ಕಿ ಕಳಿಸುವುದು ಒಳ್ಳೆಯದೇ. ಆದರೆ ಸದಕಾ ಹಕ್ಕಿನ ಜಾಗ ತುಂಬದು. ಅಕ್ಕಿ ಕೊಟ್ಟು ಬಂದವರಲ್ಲಿ ಇಬ್ಬರು ಅವನ ಜೊತೆ ಕಚೇರಿಯ ಮೆಟ್ಟಿಲು ಹತ್ತಲಿ, ಕಂಡದ್ದನ್ನು ಕಂಡಂತೆ ಹೇಳಲಿ. ಆಮೇಲೆ ಬೇಕಾದರೆ ಅವನಿಗೆ ಸಬರಿನ ಮಾತು ಹೇಳೋಣ.