ಪ್ರಪಿತಾಮಹಿಯ ಋಣ

ವಂಶಾವಳಿಯನ್ನು ಬರೆದಿಡುವ ಪದ್ಧತಿ ನಮ್ಮ ಅನೇಕ ಮನೆತನಗಳಲ್ಲಿ ಉಂಟು. ಹೆಳವರು ಎತ್ತನ್ನೇರಿ ಬಂದು ಒಕ್ಕಲುಮನೆಗಳ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ ಹೋಗುವುದನ್ನು ಕೇಳಿದವರೂ ವಾಚಕರಲ್ಲಿ ಇರಬಹುದು. ಇಂಥ ವಂಶವೃಕ್ಷಗಳನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಬಳಿಯನ್ನು ತಾಯಿಯಿಂದ ಎಣಿಸುವ ತುಳುನಾಡಿನ ಅಳಿಯಸಂತಾನದ ಕುಟುಂಬಗಳನ್ನು ಬಿಟ್ಟರೆ, ಉಳಿದ ಬಹುಪಾಲು ವೃಕ್ಷಗಳಲ್ಲಿ ಗಂಡಸಿನಿಂದ ಗಂಡಸು ಹುಟ್ಟಿದಂತೆ ತೋರುತ್ತದೆ. ಶಾಸನಗಳಲ್ಲಿ ಹೆಸರು ಕೆತ್ತಿಸಿದ ರಾಣಿಯರ ಮಾತು ಬೇರೆ. ಒಲೆ, ಬಾವಿ, ತೊಟ್ಟಿಲುಗಳ ನಡುವೆ ಬಾಳಿಹೋದ ಸಾಮಾನ್ಯ ಸ್ತ್ರೀಯೊಬ್ಬಳ ಚರಿತ್ರೆಯನ್ನು ಹುಡುಕುವುದು ಕೇವಲ ಕುತೂಹಲವೆ, ಅಥವಾ ಕರ್ತವ್ಯವೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ಶ್ರಾದ್ಧದಲ್ಲಿ ನಾನು ತಾಯಿ, ಪಿತಾಮಹಿ, ಪ್ರಪಿತಾಮಹಿ ಎಂದು ಮೂವರು ಸ್ತ್ರೀಯರ ಹೆಸರನ್ನು ಹೇಳುತ್ತೇನೆ. ಮೂರನೆಯವಳ ವಿಷಯದಲ್ಲಿ ಹೆಸರಲ್ಲದೆ ಬೇರೇನನ್ನೂ ನಾನು ಅರಿಯೆ. ನಾಳೆ ನನ್ನ ಮಗ ಈ ಕರ್ಮವನ್ನು ಮಾಡುವಾಗ ಆ ಹೆಸರಿಗೂ ಸ್ಥಾನವಿರದು. ನಾಲ್ಕನೆಯ ತಲೆಮಾರನ್ನು ವಿಧಿ ಹೆಸರಿಡಿದು ಕರೆಯುವುದಿಲ್ಲ. ಆದುದರಿಂದ ಆಕೆಯ ಹೆಸರನ್ನು ನಿಯಮದಿಂದ ಹೇಳುವವರಲ್ಲಿ ನಾನೇ ಕಡೆಯವನು. ಈ ಯೋಚನೆ ಬಂದ ದಿನ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿದೆನು.

ಅದರಲ್ಲಿ ಆಕೆಯ ಲಗ್ನಪತ್ರಿಕೆ ಇದ್ದಿತು. ಮದುವೆಯಲ್ಲಿ ವಧುವಿನ ಪ್ರವರವನ್ನು ಹೇಳುವ ವಾಡಿಕೆ ಎಲ್ಲರಿಗೂ ತಿಳಿದುದೇ: ಇಂಥವರ ಪ್ರಪೌತ್ರಿ, ಇಂಥವರ ಪೌತ್ರಿ, ಇಂಥವರ ಪುತ್ರಿ. ವಿಚಿತ್ರವೆಂದರೆ, ಹೆಣ್ಣಿನ ಪೂರ್ವಿಕರನ್ನು ಸಭೆಯ ನಡುವೆ ಘೋಷಿಸುವುದು ಅವಳು ಆ ಪೂರ್ವಿಕರ ಗೋತ್ರವನ್ನು ತೊರೆದು ಹೋಗುವ ಗಳಿಗೆಯಲ್ಲಿ. ಅಲ್ಲಿಯೂ ಅವಳನ್ನು ಹೆತ್ತವಳ ಹೆಸರು ಬರುವುದಿಲ್ಲ. ಹಾಗಾಗಿ ಮುತ್ತಜ್ಜಿಯ ತಂದೆ, ಅಜ್ಜ, ಮುತ್ತಜ್ಜ ನನಗೆ ಸಿಕ್ಕಿದರು; ಆಕೆಯ ತಾಯಿ ಸಿಕ್ಕಲಿಲ್ಲ. ಇದು ಒಂದು ಮನೆಯ ಕಥೆಯಷ್ಟೇ ಅಲ್ಲ. 1951-52ರ ಮೊದಲನೆಯ ಮಹಾಚುನಾವಣೆಗೆ ಮತದಾರರ ಪಟ್ಟಿ ಸಿದ್ಧವಾದಾಗ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಲ್ಲದೆ ತಮ್ಮ ಹೆಸರನ್ನು ಹೇಳಲೊಪ್ಪದ ಸುಮಾರು 28 ಲಕ್ಷ ಸ್ತ್ರೀಯರು, ಬಹುಮಟ್ಟಿಗೆ ಉತ್ತರದ ಪ್ರಾಂತಗಳವರು, ಪಟ್ಟಿಯಿಂದ ಬಿಟ್ಟುಹೋದರು.

ಲಗ್ನಪತ್ರಿಕೆಯ ಹಿಂಬದಿಯಲ್ಲಿ ತವರಿನವರು ಕೊಟ್ಟ ಒಡವೆಗಳ ಪಟ್ಟಿ: ಒಂದು ಅಡ್ಡಿಕೆ, ಒಂದು ಜೊತೆ ಕಡಗ, ಒಂದು ಬೆಳ್ಳಿಯ ಡಾಬು. ಅದೇ ಪೆಟ್ಟಿಗೆಯಲ್ಲಿ ಮುತ್ತಜ್ಜನ ಲೆಕ್ಕದ ಪುಸ್ತಕವೂ ಇದ್ದಿತು. ಈಶ್ವರ ಸಂವತ್ಸರದ ಒಂದು ಪುಟದಲ್ಲಿ "ಮನೆಯ ಒಡವೆ ವಿಕ್ರಯ" ಎಂದು ಬರೆದು ಅದರ ಕೆಳಗೆ ಅಡ್ಡಿಕೆ, ಕಡಗ, ಡಾಬು ಎಂದಿದೆ. ಮುಂದಿನ ಸಾಲು ಕಂದಾಯ. ಅದರ ಮುಂದಿನದು ರಾಗಿ.

ಧಾತು ಈಶ್ವರ ಸಂವತ್ಸರಗಳೆಂದರೆ 1876ರಿಂದ 78ರ ಮಹಾಕ್ಷಾಮ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೆ ಮಿಕ್ಕಿದ್ದಿತು. 1881ರ ಜನಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ದಕ್ಷಿಣದ ಹಳ್ಳಿಗಳ ಬೆಳ್ಳಿಯ ಒಡವೆಗಳು ಆ ಕಾಲದಲ್ಲಿ ಮುಂಬಯಿಯ ಟಂಕಸಾಲೆಗೆ ಹರಿದು ಹೋದುವು. ಅಂಥ ಬರದಲ್ಲಿಯೂ ಮುತ್ತಜ್ಜನು ತನ್ನ ಧೈರ್ಯದಿಂದ ಹೊಲವನ್ನು ಉಳಿಸಿಕೊಂಡನೆಂದು ನಮ್ಮ ಮನೆಯಲ್ಲಿ ಹೇಳುತ್ತ ಬಂದಿದ್ದಾರೆ. ನಾನೂ ಹೇಳಿದ್ದೇನೆ. ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಆ ಮಾತನ್ನು ಮೊದಲಿನಂತೆ ಹೇಳಲು ನಾಲಗೆ ಏಳಲಿಲ್ಲ.

ಮುತ್ತಜ್ಜನು ಅನ್ಯಾಯ ಮಾಡಿದನೆ? ಕ್ಷಾಮ, ಧರ್ಮಕಾರ್ಯ, ವ್ಯಾಧಿ, ಸೆರೆ, ಈ ಸಂದರ್ಭಗಳಲ್ಲಿ ತೆಗೆದುಕೊಂಡ ಸ್ತ್ರೀಧನವನ್ನು ಗಂಡನು ಹಿಂದಕ್ಕೆ ಕೊಡಬೇಕಾಗಿಲ್ಲವೆಂದು ಯಾಜ್ಞವಲ್ಕ್ಯ ಸ್ಮೃತಿಯ ಮತ. ಅದಕ್ಕೆ ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯೇ ಪ್ರಸಿದ್ಧ ವ್ಯಾಖ್ಯಾನ. 1985ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಸ್ತ್ರೀಧನದಲ್ಲಿ ಗಂಡನಿಗೆ ಪಾಲಿಲ್ಲ, ಅದು ಅವನ ಕೈಯಲ್ಲಿದ್ದರೂ ಬರಿಯ ನ್ಯಾಸವೆಂದು ತೀರ್ಮಾನಿಸಿತು. ಆದರೆ ಆ ತೀರ್ಪನ್ನು ಹಿಡಿದು ಈಶ್ವರ ಸಂವತ್ಸರದ ಹಸಿವನ್ನು ವಿಚಾರಣೆಗೆ ನಿಲ್ಲಿಸುವುದು ನನಗೆ ಉಚಿತವಾಗಿ ಕಾಣುವುದಿಲ್ಲ. ಮಕ್ಕಳಿಗೆ ರಾಗಿ ಬೇಕಾಗಿದ್ದಿತು. ಆದರೂ ಹಿಂದಕ್ಕೆ ಕೊಡಬೇಕಾಗಿಲ್ಲವೆಂಬುದು ಒಂದು ಮಾತು; ನೆನೆಯಬೇಕಾಗಿಲ್ಲವೆಂಬುದು ಬೇರೊಂದು ಮಾತು. ಸ್ಮೃತಿ ಮೊದಲನೆಯದನ್ನು ಮನ್ನಿಸಿತು. ಎರಡನೆಯದನ್ನು ನಾವಾಗಿ ಮನ್ನಿಸಿಕೊಂಡೆವು. "ಮನೆಯ ಒಡವೆ" ಎಂಬ ಎರಡು ಶಬ್ದಗಳಲ್ಲಿ ಆಕೆಯ ಸ್ವತ್ತು ಎಲ್ಲರ ಸ್ವತ್ತಾಯಿತು; ಕೀರ್ತಿ ಮಾತ್ರ ಒಬ್ಬನದಾಯಿತು.

ಇಲ್ಲಿ ನನ್ನಂಥವನು ಬೀಳಬಹುದಾದ ಇನ್ನೊಂದು ತಪ್ಪುಂಟು. ಆಕೆ ನಗುನಗುತ್ತ ಒಡವೆಗಳನ್ನು ಬಿಚ್ಚಿಕೊಟ್ಟ ತ್ಯಾಗಮೂರ್ತಿಯೆಂದು ಬರೆದರೆ ಓದುವವರ ಕಣ್ಣು ಒದ್ದೆಯಾದೀತು. ಆದರೆ ಆಕೆ ನಕ್ಕಳೊ, ಅತ್ತಳೊ, ಜಗಳವಾಡಿದಳೊ, ಕಾಗದ ಹೇಳುವುದಿಲ್ಲ. ಕೇಳದೆಯೇ ಒಡವೆಯನ್ನು ತೆಗೆದುಕೊಂಡಿದ್ದರೆ, ಅದನ್ನು ತ್ಯಾಗವೆಂದು ಕರೆಯುವುದು ಅವಳ ಕೋಪವನ್ನೂ ಕಸಿದುಕೊಂಡಂತೆ. ಮನಸಾರೆ ಕೊಟ್ಟಿದ್ದರೆ, ದೌರ್ಜನ್ಯವೆಂದು ಕರೆಯುವುದು ಅವಳ ಔದಾರ್ಯವನ್ನು ಕಸಿದುಕೊಂಡಂತೆ. ಸತ್ತವರ ಮೌನವನ್ನು ನಮಗೆ ಬೇಕಾದ ಮಾತುಗಳಿಂದ ತುಂಬುವುದು ಗೌರವವಲ್ಲ. ಬರೆದಿರುವುದನ್ನು ಬರೆದಿರುವಷ್ಟೇ ಹೇಳಿ, ಉಳಿದ ಕಡೆ ಸ್ಥಳವನ್ನು ಬಿಡುವುದೇ ಗೌರವ.

ಆದುದರಿಂದ ಈ ಹುಡುಕಾಟ ಕರ್ತವ್ಯವೆಂದೇ ನನಗೆ ತೋರುತ್ತದೆ. ಸಾಮಾನ್ಯಳಾದವಳು ಅಸಾಮಾನ್ಯಳೆಂದು ಸಾಧಿಸುವುದಕ್ಕಲ್ಲ, ಲೆಕ್ಕವನ್ನು ಸರಿಪಡಿಸುವುದಕ್ಕೆ. ಪಡೆದುದನ್ನು ತೀರಿಸಲಾಗದಾಗ, ಪಡೆದೆನೆಂದು ಒಪ್ಪಿಕೊಳ್ಳುವುದಾದರೂ ಋಣಿಯ ಧರ್ಮ. ನಮ್ಮ ವಂಶಾವಳಿಯ ಪ್ರತಿಯಲ್ಲಿ ಮುತ್ತಜ್ಜನ ಹೆಸರಿನ ಪಕ್ಕದಲ್ಲಿ ಆಕೆಯ ಹೆಸರು, ತಂದೆಯ ಹೆಸರು, ತವರೂರು ಇವನ್ನು ಬರೆದೆನು. "ಈಶ್ವರ ಸಂವತ್ಸರದ ಕಂದಾಯಕ್ಕೂ ರಾಗಿಗೂ ಇವರ ಒಡವೆ ಮಾರಿತು" ಎಂದು ಒಂದು ಸಾಲನ್ನು ಸೇರಿಸಿದೆನು. ಆಕೆಯ ತಾಯಿಯ ಹೆಸರಿರಬೇಕಾದ ಸ್ಥಳವನ್ನು ಖಾಲಿ ಬಿಟ್ಟಿದ್ದೇನೆ. ಬರೆದುದನ್ನು ಮಗನಿಗೆ ಓದಿ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹೊಲ ಈಗಲೂ ನಮ್ಮದೇ ಅಲ್ಲವೆ ಎಂದು ಕೇಳಿದನು. ಹೌದೆಂದೆನು.